ತಡವಾಗಿ ತಿರುಗಿದ ಸ್ಟೇರಿಂಗ್

ನನ್ನ ಕೈಗಳಿಗೆ ಚಿಕ್ಕಂದಿನಿಂದಲೂ ಒಂದು ಚಟವಿದೆ. ಸರಿಯಾಗಿರುವುದನ್ನು ಅವು ಸರಿಯಾಗಿರಲು ಬಿಡುವುದಿಲ್ಲ. ರೇಡಿಯೋ ಚೆನ್ನಾಗಿ ಕೇಳಿಸುತ್ತಿದ್ದರೆ ಇನ್ನೂ ಚೆನ್ನಾಗಿ ಕೇಳಿಸಲೆಂದು ಗುಂಡಿ ತಿರುವಿ, ಇದ್ದ ಸ್ಟೇಶನ್ನನ್ನೂ ಕಳೆದು, ಕೊನೆಗೆ ಅಪ್ಪನಿಂದ ಬೈಸಿಕೊಳ್ಳುತ್ತಿದ್ದೆ. "ಈ ಹುಡಗಿ ಕೈಯಾಗ ಇರವಿ ಹರದಾಡತಾವ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಇಂಥವಳ ಕೈಗೆ ಕಂಪ್ಯೂಟರ್ ಸಿಕ್ಕಿದ್ದು ಮಂಗನಿಗೆ ಹೆಂಡ ಕುಡಿಸಿದ ಹಾಗಾಯಿತು.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನು ಕಂಪ್ಯೂಟರ್ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದೆ. ಪುಣೆಯ ಹಡಪಸರದಲ್ಲಿ ಗಾಡಿತಳ ಬಸ್ ನಿಲ್ದಾಣದ ಹಿಂದಿನ ಗಲ್ಲಿಯೊಂದರಲ್ಲಿ ನಮ್ಮದು ಎರಡು ಖೋಲಿಯ ಮನೆ. ಹೊರಗಿನ ಖೋಲಿಯಲ್ಲಿ ಅಪ್ಪನ ಮಂಚ, ಅವ್ವನ ಹೊಲಿಗೆ ಯಂತ್ರ, ನನ್ನ ಹಳೆಯ ಕಂಪ್ಯೂಟರ್. ಅದರ ಡಬ್ಬಿಯ ಮುಚ್ಚಳವನ್ನು ನಾನು ಎಷ್ಟು ಸಲ ಬಿಚ್ಚಿದ್ದೆನೆಂದರೆ, ಕೊನೆಕೊನೆಗೆ ಸ್ಕ್ರೂ ಹಾಕುವುದನ್ನೇ ಬಿಟ್ಟಿದ್ದೆ. ಗೂಡಿನಂತೆ ಬೆನ್ನು ಉಬ್ಬಿದ ಹದಿನೈದು ಇಂಚಿನ ಮಾನಿಟರ್ ಮೇಲೆ ಅವ್ವ ಒಂದು ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ನಾನು ತೆಗೆಯುತ್ತಿದ್ದೆ, ಅವಳು ಹೊದಿಸುತ್ತಿದ್ದಳು.

ಅಪ್ಪ ಒಂದು ಕಾರ್ಖಾನೆಯ ಬಸ್ಸಿನ ಡ್ರೈವರ್. ಇಂಡಿ ತಾಲೂಕಿನಿಂದ ಇಪ್ಪತ್ತು ದಾಟುವ ಮೊದಲೇ ಪುಣೆಗೆ ಬಂದು, ಮೊದಲು ಲಾರಿ, ಆಮೇಲೆ ಈ ಬಸ್ಸು. ಬೆಳಗಿನ ಪಾಳಿಯ ಕೆಲಸಗಾರರನ್ನು ಹಡಪಸರ, ಮುಂಢವಾ, ಯೆರವಡಾ ಎಲ್ಲ ಸುತ್ತಿ ಕರೆದೊಯ್ಯಬೇಕು, ಸಂಜೆ ತಂದು ಬಿಡಬೇಕು. ಅವರಿಗೆ ಆಗ ಐವತ್ತೆರಡು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದ್ದರು. ಒಂದು ಕೋಳಿಯೂ ಗಾಲಿಗೆ ಸಿಕ್ಕಿಲ್ಲವೆಂದು ಹೇಳಿಕೊಳ್ಳುತ್ತಿದ್ದರು. ನಾನು "ಪುಣೆದಾಗ ಕೋಳಿ ಎಲ್ಲಿ ಅದಾವ್ರಿ, ಎಲ್ಲಾ ಅಂಗಡಿಯಾಗ ತೂಗಬಿದ್ದಾವ" ಎಂದು ಕಾಲೆಳೆಯುತ್ತಿದ್ದೆ.

ಆ ವರ್ಷ ಒಂದು ದಿನ ಅವರ ಬಸ್ಸನ್ನು ಬ್ರೇಕ್ ಲೈನರ್ ಹಾಕಿಸಲು ಬಿಟ್ಟಿದ್ದರಿಂದ, ರಜೆಯಲ್ಲಿದ್ದ ಇನ್ನೊಬ್ಬ ಡ್ರೈವರ್‌ನ ಬಸ್ಸನ್ನು ಅವರಿಗೆ ಕೊಟ್ಟರು. ಯೆರವಡಾದ ಹತ್ತಿರ ಒಂದು ತಿರುವಿನಲ್ಲಿ ಸ್ಕೂಟರಿನವನೊಬ್ಬ ಅಡ್ಡ ಬಂದ. ಅವನನ್ನು ಉಳಿಸಲು ಹೋಗಿ ಬಸ್ಸಿನ ಎಡ ಮಗ್ಗುಲು ರಸ್ತೆ ಬದಿಯ ಕಬ್ಬಿಣದ ಕಟಕಟೆಗೆ ಉಜ್ಜಿತು. ಎರಡು ಕಿಟಕಿಯ ಗಾಜು ಹೋದವು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಳಗೆ ನಲವತ್ತು ಜನರಿದ್ದರು. ಸಾರಿಗೆ ವಿಭಾಗದ ಸಾಹೇಬರು ಅಪ್ಪನನ್ನು ಕರೆದು, ವಯಸ್ಸಾಯಿತು, ಕೈ ನಿಧಾನವಾಗಿದೆ ಎಂದರು. ಟೈರು, ಆಯಿಲ್ ಇಡುವ ಸ್ಟೋರಿನಲ್ಲಿ ಕೂರಿಸಿದರು. ತಿಂಗಳ ಕೊನೆಯ ಸೋಮವಾರ ಎರಡರಲ್ಲಿ ಒಂದು ಆಗಬೇಕಿತ್ತು. ಒಂದೋ ಅಪ್ಪ ಸಾಹೇಬರ ಎದುರು ಅದೇ ಬಸ್ಸು ಓಡಿಸಿ ತೋರಿಸಬೇಕು, ಇಲ್ಲವೇ ಇನ್ನು ಸ್ಟೋರಿನಲ್ಲೇ ಇರುತ್ತೇನೆಂದು ಕಾಗದಕ್ಕೆ ಸಹಿ ಹಾಕಬೇಕು. ಸಹಿ ಹಾಕಿದರೆ ಮತ್ತೆ ಸ್ಟೇರಿಂಗ್ ಮುಟ್ಟುವಂತಿಲ್ಲ.

ಆ ತಿಂಗಳು ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಕೂರಲಿಲ್ಲ. ಅಪ್ಪನ ಸ್ಟೋರಿನ ಕೆಲಸ ಒಂಬತ್ತಕ್ಕೆ. ಆದರೂ ಹಳೆಯ ರೂಢಿಯಂತೆ ನಸುಕಿನಲ್ಲೇ ಎದ್ದು, ಸ್ನಾನ ಮಾಡಿ, ಖಾಕಿ ಅಂಗಿ ಹಾಕಿ, ಹೋಗಲು ಎಲ್ಲಿಯೂ ಇಲ್ಲದೆ ಹೊಸ್ತಿಲಿನಿಂದ ಮೋರಿಯವರೆಗೆ, ಮೋರಿಯಿಂದ ಹೊಸ್ತಿಲಿನವರೆಗೆ ಓಡಾಡುತ್ತಿದ್ದರು. ಸೊಲ್ಲಾಪುರ ರಸ್ತೆಯಲ್ಲಿ ಯಾವುದೋ ಬಸ್ಸಿನ ಹಾರ್ನ್ ಕೇಳಿದರೆ ತಲೆ ಎತ್ತುತ್ತಿದ್ದರು. ಸಂಜೆ ಟಿವಿ ಮುಂದೆ ಕುಳಿತರೆ ಅವರ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಯಾರ ಮೇಲೋ ಸಿಟ್ಟು ಬರುತ್ತಿತ್ತು. ಸಾಹೇಬರು ಎದುರಿಗಿರಲಿಲ್ಲವಾದ್ದರಿಂದ ಅದನ್ನು ಅವ್ವನ ಮೇಲೆ, ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಆಗಲೇ ನನಗೊಂದು ಬುದ್ಧಿ ಹೊಳೆಯಿತು. ನನ್ನ ತರಗತಿಯವನೊಬ್ಬನ ಬಳಿ ಕಂಪ್ಯೂಟರಿಗೆ ಹಚ್ಚುವ ಪ್ಲಾಸ್ಟಿಕ್ಕಿನ ಸ್ಟೇರಿಂಗೂ ಎರಡು ಪೆಡಲೂ ಇದ್ದವು. ಪರೀಕ್ಷೆ ಮುಗಿಯುವವರೆಗೆ ಅದು ಮನೆಯಲ್ಲಿ ಕಾಣಬಾರದೆಂದು ಅವನ ಅಪ್ಪ ಗುಡುಗಿದ್ದರಂತೆ. ನಾನಿಟ್ಟುಕೊಳ್ಳುತ್ತೇನೆ ಎಂದೆ. ಕಾರು ಓಡಿಸುವ ಒಂದು ಆಟವೂ ನನ್ನ ಬಳಿ ಇತ್ತು. ಅಪ್ಪ ಮನೆಯಲ್ಲೇ ಅಭ್ಯಾಸ ಮಾಡಲಿ, ಕೈ ಚುರುಕಾಗಿದೆಯೆಂದು ಅವರಿಗೇ ಗೊತ್ತಾಗಲಿ, ಸೋಮವಾರ ಧೈರ್ಯವಾಗಿ ಬಸ್ಸು ಹತ್ತಲಿ, ಇದು ನನ್ನ ಲೆಕ್ಕ. ಬಸ್ಸಿನ ರೂಟಿಗೂ ರೇಸಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಸ್ಟೇರಿಂಗ್ ಮನೆಗೆ ಬಂತು. ಅದನ್ನು ಮೇಜಿನ ಅಂಚಿಗೆ ಸ್ಕ್ರೂ ತಿರುವಿ ಬಿಗಿಯಬೇಕು. ನಮ್ಮ ಮೇಜಿನ ಹಲಗೆ ತೆಳ್ಳಗಿದ್ದುದರಿಂದ ಅದು ಜಾರುತ್ತಿತ್ತು. ಅವ್ವ ಹಳೆಯ ಸೀರೆಯ ತುಂಡೊಂದನ್ನು ಮಡಿಸಿ ನಡುವೆ ತುರುಕಿದಳು. ಅಪ್ಪ ಸ್ಟೋರಿನಿಂದ ಬಂದು ಅದನ್ನು ಸುತ್ತು ಬಳಸಿ ನೋಡಿ, "ಇದೇನವಾ, ಚಪಾತಿ ಮಣಿಗೆ ತೂತ ಹೊಡದಂಗ ಅದ!" ಎಂದು ನಕ್ಕರು. ಆ ತಿಂಗಳಲ್ಲಿ ನಾನು ಕೇಳಿದ ಅವರ ಮೊದಲ ನಗು ಅದು. ನನ್ನ ತಲೆ ಆಕಾಶಕ್ಕೇರಿತು.

"ಒಂದ ತಾಸ ತಡೀರಿ, ಎಲ್ಲಾ ಸೆಟ್ ಮಾಡಿ ಕೊಡ್ತೀನಿ" ಎಂದೆ.

ಈ ಸೆಟ್ ಮಾಡುವುದರಲ್ಲೇ ಎಲ್ಲ ಇದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಕಾಲದ ಮಾನಿಟರ್ ಚಿತ್ರವನ್ನು ಒಮ್ಮೆಲೇ ತೋರಿಸುತ್ತಿರಲಿಲ್ಲ. ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ, ಸೆಕೆಂಡಿಗೆ ಅರವತ್ತು ಸಲ ಬರೆಯುತ್ತಿತ್ತು. ಒಳಗಿನ ಗ್ರಾಫಿಕ್ಸ್ ಕಾರ್ಡ್ ತನ್ನ ಪಾಡಿಗೆ ತಾನು ಹೊಸ ಚಿತ್ರಗಳನ್ನು ಮಾಡಿ ತಳ್ಳುತ್ತಿತ್ತು. ಇಬ್ಬರ ತಾಳ ಕೂಡದಿದ್ದಾಗ ಪರದೆಯ ಮೇಲಿನ ಅರ್ಧದಲ್ಲಿ ಹಳೆಯ ಚಿತ್ರ, ಕೆಳಗಿನ ಅರ್ಧದಲ್ಲಿ ಹೊಸದು. ದೀಪದ ಕಂಬ ನಡುವೆ ತುಂಡಾಗಿ, ಮೇಲಿನ ತುಂಡು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಕಾಣುತ್ತಿತ್ತು. ಕಾರು ತಿರುಗಿಸಿದರಂತೂ ಇಡೀ ರಸ್ತೆಯೇ ಅಡ್ಡಡ್ಡ ಹರಿಯುತ್ತಿತ್ತು. ಇದನ್ನು ತಪ್ಪಿಸಲು ವಿ-ಸಿಂಕ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿದರೆ ಮಾನಿಟರ್ ಒಂದು ಚಿತ್ರ ಬರೆದು ಮುಗಿಸುವವರೆಗೆ ಕಾರ್ಡ್ ತನ್ನ ಹೊಸ ಚಿತ್ರವನ್ನು ಹಿಡಿದುಕೊಂಡು ಕಾಯುತ್ತದೆ. ಹಂಚಿನ ಮೇಲಿನ ರೊಟ್ಟಿ ಇಳಿಯುವವರೆಗೆ ತಟ್ಟಿದ ರೊಟ್ಟಿ ಮಣೆಯ ಮೇಲೇ ಕಾಯುವುದಿಲ್ಲವೇ, ಹಾಗೆ. ಚಿತ್ರ ಹರಿಯದೆ ಇಡಿಯಾಗಿ ಬರುತ್ತದೆ. ಆದರೆ ಕಾಯ್ದದ್ದು ಕಾಯ್ದದ್ದೇ. ಕೈ ಮಾಡಿದ್ದು ಪರದೆಗೆ ಬರುವುದು ಒಂದಿಷ್ಟು ತಡವಾಗುತ್ತದೆ. ಕಾರ್ಡ್ ದುರ್ಬಲವಾಗಿದ್ದರೆ ತಡ ಇನ್ನೂ ಹೆಚ್ಚು, ನಮ್ಮದೋ ತೀರಾ ದುರ್ಬಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ಹಾಗಿಲ್ಲ. ಕಾಲೇಜಿನ ಹತ್ತಿರದ ಗೇಮ್ ಪಾರ್ಲರಿನಲ್ಲಿ ಹುಡುಗರ ನಡುವೆ ನಾನೊಬ್ಬಳೇ ಹುಡುಗಿ ಗುಂಡು ಹಾರಿಸುವ ಆಟ ಆಡುತ್ತಿದ್ದೆ. ಕುಳಿತ ಕೂಡಲೇ ಎಲ್ಲರೂ ಮಾಡುತ್ತಿದ್ದ ಮೊದಲ ಕೆಲಸ ವಿ-ಸಿಂಕ್ ಆಫ್ ಮಾಡುವುದು. ಚಿತ್ರ ಹರಿದರೆ ಹರಿಯಲಿ, ಬಂದೂಕು ತಡವಾದರೆ ಸತ್ತೆವು. ಆದರೆ ಅಪ್ಪನಿಗಾಗಿ ಸೆಟ್ ಮಾಡುವಾಗ ನಾನು ಹೀಗೆ ಯೋಚಿಸಿದೆ: ಇದು ಕಾರಿನ ಆಟ, ಆಡುವವರು ವಯಸ್ಸಾದವರು, ಅಷ್ಟು ಸೂಕ್ಷ್ಮ ಅವರಿಗೇನು ತಿಳಿಯುತ್ತದೆ, ಚಿತ್ರ ಚೊಕ್ಕವಾಗಿದ್ದರೆ ಸಾಕು. ಆನ್ ಮಾಡಿಬಿಟ್ಟೆ.

ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ನಾನಲ್ಲ. ಮಾನಿಟರಿನ ಅರವತ್ತನ್ನು ನೂರಕ್ಕೆ ಏರಿಸಿದರೆ ಚಿತ್ರ ಇನ್ನೂ ನುಣುಪಾಗುತ್ತದೆಂದು ಅದನ್ನೂ ಒತ್ತಿದೆ. ಆ ಬಡ ಮಾನಿಟರಿಗೆ ನೂರು ಎಲ್ಲಿಂದ ಬರಬೇಕು? ಕೀಂ ಎಂದು ಚೀರಿ ಪರದೆ ಕಪ್ಪಾಯಿತು.

"ಸುಟ್ಟೇನು?" ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು.

"ಇಲ್ಲ, ಹದಿನೈದು ಸೆಕೆಂಡ ಸುಮ್ಮನಿದ್ರ ತಾನ ಬರತದ" ಎಂದೆ. ಆ ಹದಿನೈದು ಸೆಕೆಂಡು ಕೈ ಕಟ್ಟಿ ಕುಳಿತುಕೊಳ್ಳುವುದು ನನಗೆ ಉಪವಾಸಕ್ಕಿಂತ ಕಷ್ಟವಾಯಿತು. ಚಿತ್ರ ಮರಳಿ ಬಂತು. ಮತ್ತೆ ಅರವತ್ತಕ್ಕೇ ಬಿಟ್ಟೆ.

ಅಪ್ಪ ಕೈಕಾಲು ತೊಳೆದು ಬಂದು ಕುಳಿತರು. ಬಸ್ಸಿಗೆ ಮಾಡುವಂತೆಯೇ ಆ ಪ್ಲಾಸ್ಟಿಕ್ ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ನನಗೆ ನಗು ಬಂತು, ನುಂಗಿಕೊಂಡೆ. ಕಾರಿನ ಒಳಗಿನಿಂದ ಕಾಣುವ ನೋಟ ಇಟ್ಟಿದ್ದೆ. ಪರದೆಯ ಕೆಳಭಾಗದಲ್ಲಿ ಕಾರಿನ ಸ್ಟೇರಿಂಗ್, ಅದರಾಚೆ ರಸ್ತೆ. ಅಪ್ಪ ಹೊರಟರು. ಎರಡು ತಿರುವು ದಾಟಿದರು. ಮೂರನೆಯದು ಎಡಕ್ಕೆ ಗಕ್ಕನೆ ಮುರಿಯುವ ತಿರುವು. ಸೀದಾ ಹೋಗಿ ಗೋಡೆಗೆ ಬಡಿದರು. ಮತ್ತೆ ಹೊರಟರು, ಮತ್ತೆ ಅದೇ ಗೋಡೆ. ಮೂರನೆಯ ಸಲವೂ ಬಡಿದಾಗ ಸ್ಟೇರಿಂಗನ್ನು ಆಚೀಚೆ ಆಡಿಸಿ ನೋಡುತ್ತ, "ಇದರ ಸ್ಟೇರಿಂಗ್ ಸ್ವಲ್ಪ..." ಎಂದು ಏನೋ ಹೇಳಲು ಹೊರಟರು.

ನಾನು ಹೇಳಗೊಡಲಿಲ್ಲ. "ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ!" ಎಂದು ಚಪ್ಪಾಳೆ ತಟ್ಟಿ ನಕ್ಕೆ.

ಅಪ್ಪ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ತಾವೂ ನಕ್ಕು, "ಖರೇ ಅದವಾ" ಎಂದರು. ಮಾತು ಅಲ್ಲಿಗೇ ಮುಗಿಯಿತು.

ಮುಂದಿನ ಎರಡು ವಾರ ಗುರುವಾರ ಬಿಟ್ಟು ದಿನಾ ಸಂಜೆ ಅವರು ಆಡಿದರು. ಗುರುವಾರ ಕರೆಂಟು ತೆಗೆಯುತ್ತಿದ್ದರು. ದಿನಾ ಅದೇ ಗೋಡೆ. ಮೊದಲು ನಗುತ್ತಿದ್ದವರು ಆಮೇಲೆ ನಗುವುದನ್ನು ಬಿಟ್ಟರು. ವೇಗ ಕಡಿಮೆ ಮಾಡಿ ನೋಡಿದರು. ತಿರುವಿಗೆ ಬಹಳ ಮೊದಲೇ ತಿರುಗಿಸಿ ನೋಡಿದರು, ಆಗ ತಿರುವಿನ ಒಳಬದಿಯ ಕಲ್ಲಿಗೆ ಬಡಿಯಿತು. ನನಗೂ ಸುಮ್ಮನಿರಲಾಗುತ್ತಿರಲಿಲ್ಲ. ಅವರು ಸ್ಟೋರಿಗೆ ಹೋದಾಗ ಬಣ್ಣ ಬದಲಿಸಿದೆ, ಮರಗಳ ನೆರಳು ತೆಗೆದೆ, ಮೋಡ ತೆಗೆದೆ, ಬೇರೆ ಕಾರು ಹಾಕಿದೆ, ಮಾನಿಟರನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಟ್ಟೆ. ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸಿದೆ, ಆ ಒಂದನ್ನು ಬಿಟ್ಟು. ಅದರ ನೆನಪೇ ಆಗಲಿಲ್ಲ, ಏಕೆಂದರೆ ಚಿತ್ರ ಅಷ್ಟು ಚೆಂದ ಬರುತ್ತಿತ್ತು. ನಾನು ಆಡುವಾಗ ಕೀಬೋರ್ಡಿನ ಗುಂಡಿ ಒತ್ತಿ ಆಡುತ್ತಿದ್ದೆ, ಗೋಡೆಗೆ ಬಡಿದರೂ ಹಿಂದೆ ತೆಗೆದುಕೊಂಡು ಓಡುತ್ತಿದ್ದೆ. ನನಗೆ ಗೋಡೆ ಎಂದರೆ ಗೋಡೆ ಮಾತ್ರ. ಅಪ್ಪನಿಗೆ ಹಾಗಿರಲಿಲ್ಲ. ಬಡಿದಾಗಲೆಲ್ಲ ಅವರು ಕನ್ನಡಿಯಲ್ಲಿ ಹಿಂದಿನ ಸೀಟಿನ ಜನರನ್ನು ನೋಡುವವರಂತೆ ತಲೆ ಎತ್ತುತ್ತಿದ್ದರು.

"ಆ ಆಟಾ ತಗದ ಒಗಿ ಅತ್ಲಾಗ" ಎಂದು ಅವ್ವ ಒಂದು ದಿನ ನನ್ನನ್ನು ಅಡುಗೆ ಖೋಲಿಗೆ ಕರೆದು ಪಿಸುಗುಟ್ಟಿದಳು. "ಅವರ ಮಾರಿ ನೋಡೀಯೇನು? ಉಣ್ಣೂದ ಬಿಟ್ಟಾರ."

"ಅಭ್ಯಾಸ ಆದ್ರ ಸರಿ ಹೋಗತದ" ಎಂದೆ.

ಕೊನೆಯ ಶನಿವಾರ ಅಪ್ಪ ಬಂದವರು ಕಂಪ್ಯೂಟರ್ ಕಡೆ ಹೋಗಲಿಲ್ಲ. ಮಂಚದ ಮೇಲೆ ಕುಳಿತು, ಚಹಾ ಕುಡಿದು, ಬಸಿಯನ್ನು ಕೆಳಗಿಟ್ಟು, ಅವ್ವನಿಗೆ ಹೇಳಿದರು. "ಸೋಮವಾರ ಸಹಿ ಮಾಡಿಬಿಡ್ತೀನಿ. ಸ್ಟೋರ್ ಆದ್ರೂ ಕೆಲಸನ ಅಲ್ಲ."

ನಾನು ಮಾತಾಡಿದೆ, ಅಲ್ಲ, ಕಿರುಚಿದೆ. "ಒಂದ ಆಟದಾಗ ಸೋತೀರಿ ಅಂತ ಬಸ್ ಬಿಡ್ತೀರೇನ್ರಿ? ಆಟ ಬ್ಯಾರೆ, ಬಸ್ ಬ್ಯಾರೆ!"

"ಕೈ ಅವ ಅದಾವಲ್ಲವಾ" ಎಂದರು ಅಪ್ಪ. ಅಷ್ಟು ಮೆತ್ತಗೆ ಹೇಳಿದರೆಂದರೆ ನನಗೆ ಮುಂದೆ ಜಗಳವಾಡಲು ಜಾಗವೇ ಸಿಗಲಿಲ್ಲ. ಎದ್ದು ಹೊರಗೆ ಹೋದೆ, ಗಲ್ಲಿಯ ತುದಿಯವರೆಗೆ ನಡೆದೆ, ಏನು ಮಾಡಬೇಕೆಂದು ತಿಳಿಯದೆ ಕೊತ್ತಂಬರಿ ಕೊಂಡು ವಾಪಸು ಬಂದೆ. ಮನೆಯಲ್ಲಿ ಆಗಲೇ ಕೊತ್ತಂಬರಿ ಇತ್ತು.

ಭಾನುವಾರ ಬೆಳಿಗ್ಗೆ ಸ್ಟೇರಿಂಗನ್ನು ಹಿಂತಿರುಗಿಸಬೇಕೆಂದು ಒಂದು ಸುಳ್ಳು ಹೇಳಿದೆ. "ಇವತ್ತ ಒಯ್ಯತಾನ್ರಿ ಆ ಹುಡುಗ. ಕಡೀಕ ಒಂದ ಸಲ ಆಡ್ರಿ ಅಪ್ಪಾ." ಅವರಿಗೆ ಮನಸ್ಸಿರಲಿಲ್ಲ, ನನಗಾಗಿ ಬಂದು ಕುಳಿತರು. ಆ ದಿನ ಸ್ಟೇರಿಂಗಿನ ಕೆಳಗಿನ ಸೀರೆ ತುಂಡು ಜಾರಿತ್ತು. ಬಿಗಿಯುವ ಸ್ಕ್ರೂ ಹಲ್ಲು ಸವೆದು ತಿರುಗಿಯೇ ತಿರುಗುತ್ತಿತ್ತು. "ನೀವು ಹೊಡೀರಿ, ನಾ ಹಿಡೀತೀನಿ" ಎಂದು ಮೇಜಿನ ಪಕ್ಕ ನೆಲದ ಮೇಲೆ ಮೊಣಕಾಲೂರಿ ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದೆ. ನನ್ನ ಎರಡೂ ಕೈಗೆ ಕೆಲಸವಿದ್ದು, ಬೇರೇನನ್ನೂ ಮುಟ್ಟಲಾಗದೆ ಕುಳಿತದ್ದು ಆ ತಿಂಗಳಲ್ಲಿ ಅದೇ ಮೊದಲು. ಮುಖ ಮೇಜಿನ ಮಟ್ಟದಲ್ಲಿತ್ತು. ಕಣ್ಣೆದುರಿಗೆ ಎರಡು ಸ್ಟೇರಿಂಗ್: ಹತ್ತಿರ ಅಪ್ಪನ ಕೈಯಲ್ಲಿನ ಪ್ಲಾಸ್ಟಿಕ್ಕಿನದು, ಅದರ ಹಿಂದೆ ಪರದೆಯೊಳಗಿನದು.

ಅಪ್ಪ ಎಡಕ್ಕೆ ತಿರುಗಿಸಿದರು. ಪರದೆಯ ಸ್ಟೇರಿಂಗ್ ಆಮೇಲೆ ತಿರುಗಿತು.

ಬಲಕ್ಕೆ ತಿರುಗಿಸಿದರು. ಅದು ಮತ್ತೆ ಆಮೇಲೆ ತಿರುಗಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಹೆಚ್ಚಿಲ್ಲ. ಮೂರನೆಯ ತಿರುವು ಬಂತು. ಅಪ್ಪನ ಕೈ ಸರಿಯಾದ ಹೊತ್ತಿಗೆ ತಿರುಗಿದ್ದನ್ನು ನಾನು ಒಂದು ಗೇಣಿನ ದೂರದಿಂದ ನೋಡಿದೆ. ಕಾರು ಗೋಡೆಗೆ ಹೋಯಿತು.

"ಅಪ್ಪಾ! ಸ್ಟೇರಿಂಗ್ ತಡಾ ಮಾಡಿ ತಿರಗಾಕತ್ತದ ಅಲ್ರಿ!"

"ಗೊತ್ತದ" ಎಂದರು ಅಪ್ಪ.

"ಗೊತ್ತದ? ಯಾವಾಗಿಂದ?"

"ಮೊದಲನೇ ದಿನಾನ ಗೊತ್ತಾತು. ಪ್ಲೇ ಅದ ಇದರಾಗ." ಡ್ರೈವರುಗಳು ಪ್ಲೇ ಎನ್ನುವುದು ಸ್ಟೇರಿಂಗ್ ಸಡಿಲವಾದಾಗ. ಚಕ್ರ ಕೇಳಿಸಿಕೊಳ್ಳುವ ಮೊದಲು ಸ್ಟೇರಿಂಗ್ ಒಂದಿಷ್ಟು ಸುಮ್ಮನೆ ತಿರುಗುತ್ತದಲ್ಲ, ಅದು.

"ಮತ್ತ ಯಾಕ ಹೇಳಲಿಲ್ರಿ?"

ಅಪ್ಪ ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹೇಳಾಕ ಬಂದೆ, ನೀ ನಕ್ಕಿ. ಆ ಬಸ್ಸಿನ್ಯಾಗೂ ಹಿಂಗ ಇತ್ತವಾ, ಯೆರವಡಾದಾಗ. ನಾ ತಿರುವಿದೆ, ಗಾಡಿ ಕೇಳಲಿಲ್ಲ. ಸಾಹೇಬರ ಮುಂದ ಸ್ಟೇರಿಂಗ್ ಅಂತ ಬಾಯಿ ತಗದೆ. 'ನಾಚತಾ ಯೇಈನಾ, ಅಂಗಣ ವಾಕಡಂ' ಅಂದ್ರು. ಎಲ್ಲಾರೂ ನಕ್ಕರು. ಮತ್ತ ಅದು ನನ್ನ ಗಾಡಿ ಅಲ್ಲ. ಒಂದ ದಿನದ ಮಟ್ಟಿಗೆ ತಗೊಂಡ ಗಾಡಿ ಮ್ಯಾಗ ಕೆಟ್ಟದ ಅಂತ ರಿಮಾರ್ಕ್ ಬರೀಬಾರದು, ನಮ್ಮಾಗ ಹಂಗ ಅದ. ಬರದ್ರ ಆ ಡ್ರೈವರಗ ತ್ರಾಸ. ಆಮ್ಯಾಲ ಇಲ್ಲಿ ಬಂದು ಕೂತೆ. ಇಲ್ಲೂ ಹಂಗ ಆತು. ಬಸ್ಸಿನ್ಯಾಗೂ ಪ್ಲೇ, ಆಟದಾಗೂ ಪ್ಲೇ. ಎರಡೂ ಗಾಡಿ ಕೆಟ್ಟಿರತಾವೇನು? ಕೆಟ್ಟಿದ್ದು ನನ್ನ ಕೈ ಅಂತ ತಿಳಕೊಂಡೆ."

ಅಂಗಳ ಡೊಂಕು ಎಂದು ಮರಾಠಿಯಲ್ಲಿ ಒಬ್ಬರು ಹೇಳಿದ್ದರು, ನೆಲ ಡೊಂಕು ಎಂದು ಕನ್ನಡದಲ್ಲಿ ನಾನು ಹೇಳಿದ್ದೆ. ಅವರಾದರೂ ಆಫೀಸಿನಲ್ಲಿ ಕುಳಿತ ಸಾಹೇಬರು, ನಾನು ಮನೆಯಲ್ಲಿ ಕುಳಿತ ಮಗಳು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಮೇಜಿನ ಕೆಳಗೇ ಇದ್ದುಬಿಡೋಣ ಅನ್ನಿಸಿತು. ಅಳು ಬರುವ ಮೊದಲು ಎದ್ದು, ಆಟ ನಿಲ್ಲಿಸಿ, ಸೆಟ್ಟಿಂಗ್ ತೆರೆದು ವಿ-ಸಿಂಕ್ ಆಫ್ ಮಾಡಿದೆ. ಮಾನಿಟರನ್ನು ಅದು ತಾಳುವ ಎಂಬತ್ತೈದಕ್ಕೆ ಇಟ್ಟೆ, ಚಿತ್ರದ ಅಳತೆ ಕಡಿಮೆ ಮಾಡಿದೆ. ಬೇರೇನನ್ನೂ ಮುಟ್ಟಲಿಲ್ಲ. ಮತ್ತೆ ಮೊಣಕಾಲೂರಿ ಸ್ಟೇರಿಂಗ್ ಹಿಡಿದು, "ಈಗ ಹೊಡೀರಿ" ಎಂದೆ.

ಅಪ್ಪ ಹೊರಟರು. ಮೊದಲ ತಿರುವಿನಲ್ಲೇ ರಸ್ತೆ ನಡುವೆ ಹರಿಯಿತು. ಕಂಬಗಳು ಮುರಿದವು, ಒಂದು ಗುಡ್ಡದ ಮೇಲ್ಭಾಗ ಪಕ್ಕಕ್ಕೆ ಸರಿಯಿತು. ಚೊಕ್ಕ ಚಿತ್ರದ ಅಂದವೆಲ್ಲ ಹೋಗಿತ್ತು. ಹೊಸ್ತಿಲಲ್ಲಿ ನಿಂತ ಅವ್ವ, "ಅಯ್ಯ, ಇದೇನ ಹರಕ ಬರಾಕತ್ತದ, ಕಣ್ಣ ತಿರಗತಾವ" ಎಂದಳು. ಅಪ್ಪನ ಬೆನ್ನು ನೆಟ್ಟಗಾಗಿತ್ತು. ಮೂರನೆಯ ತಿರುವು ಬಂತು. ಅವರ ಕೈ ಎಂದಿನ ಹೊತ್ತಿಗೇ ತಿರುಗಿತು, ಕಾರು ಗೋಡೆಯ ಪಕ್ಕದಿಂದ ಸದ್ದಿಲ್ಲದೆ ಆಚೆ ಹೋಯಿತು. ನಾಲ್ಕನೆಯ ತಿರುವು, ಐದನೆಯದು. ಆ ರಸ್ತೆಯಲ್ಲಿ ಅಷ್ಟು ದೂರ ಅವರು ಎಂದೂ ಹೋಗಿರಲಿಲ್ಲ. ಇಡೀ ಸುತ್ತು ಮುಗಿಸಿ ಬಂದು, ಗೆರೆ ದಾಟಿ, ರಸ್ತೆಯ ಬದಿಗೆ ಸರಿಯಾಗಿ ನಿಲ್ಲಿಸಿದರು. ಆಟದಲ್ಲಿ ಹಾಗೆ ನಿಲ್ಲಿಸಬೇಕಾಗಿಲ್ಲವೆಂದು ನಾನು ಹೇಳಲಿಲ್ಲ.

"ಏನ ಮಾಡಿದಿ?" ಎಂದು ಕೇಳಿದರು.

ರೊಟ್ಟಿ, ಹಂಚಿನ ಉದಾಹರಣೆ ಕೊಟ್ಟು ಹೇಳಿದೆ. ಅವ್ವ, ನಾನೇನು ಒಂದು ರೊಟ್ಟಿಗೆ ಅಷ್ಟು ಹೊತ್ತು ಮಾಡುತ್ತೇನೆಯೇ ಎಂದು ತಕರಾರು ತೆಗೆದಳು. ಅಪ್ಪ ಎಲ್ಲ ಕೇಳಿಸಿಕೊಂಡರು. "ಹಂಗಾದ್ರ ತಪ್ಪ ಗಾಡೀದ ಇತ್ತು" ಎಂದರು. ಆಮೇಲೆ ಎದ್ದು ಮೋರಿಯಿಂದ ಹೊಸ್ತಿಲಿನವರೆಗೆ ನಾಲ್ಕಾರು ಸಲ ಓಡಾಡಿದರು. ಯಾವ ಗಾಡಿ ಎಂದು ನಾನು ಕೇಳಲಿಲ್ಲ. ಮೊದಲು ಯಾಕೆ ಹಾಗಿಟ್ಟಿದ್ದೆ ಎಂದು ಅವರೂ ಕೇಳಲಿಲ್ಲ. ಕೇಳಲಿ ಎಂದು ಕಾದೆ, ಕೇಳದಿರಲಿ ಎಂದೂ ಬೇಡಿಕೊಂಡೆ.

ಸೋಮವಾರ ಅಪ್ಪ ಖಾಕಿ ಅಂಗಿಗೆ ತಾವೇ ಇಸ್ತ್ರಿ ಮಾಡಿಕೊಂಡು ಹೋದರು. ಸಹಿಯೋ ಬಸ್ಸೋ ಎಂದು ಹೇಳಿಹೋಗಲಿಲ್ಲ. ನಾನು ಕಾಲೇಜಿಗೆ ಹೋಗಲಿಲ್ಲ. ಅಕ್ಕಿ ಆರಿಸಿದೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಧೂಳು ಒರೆಸಿದೆ, ಬಹಳ ದಿನಗಳ ಮೇಲೆ ಸ್ಕ್ರೂ ಹಾಕಿ ಮುಚ್ಚಿದೆ. ಅವ್ವ ಕೂಡ ಒಂದೇ ಕುಪ್ಪಸದ ತೋಳನ್ನು ಎರಡು ಸಲ ಹೊಲಿದು ಬಿಚ್ಚಿದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಏನಾತ್ರಿ?"

"ನೀರ ಕೊಡು ಮೊದಲ" ಎಂದರು. ನೀರು ಕುಡಿದು, ಮಂಚದ ಮೇಲೆ ಕುಳಿತು, ನಿಧಾನವಾಗಿ ಹೇಳಿದರು. ಅದೇ ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿದ್ದರಂತೆ. ಅಪ್ಪ ಹತ್ತಿ ಕುಳಿತು, ಇಂಜಿನ್ ಹಚ್ಚುವ ಮೊದಲು ಸ್ಟೇರಿಂಗನ್ನು ಎರಡೇ ಬೆರಳಿನಿಂದ ಆಚೀಚೆ ಆಡಿಸಿ ನೋಡಿದರಂತೆ. ಆಮೇಲೆ ಕೆಳಗಿಳಿದು, ಮೊದಲು ರಿಪೇರಿ ಮಿಸ್ತ್ರಿಯನ್ನು ಕರೆಸಿರಿ, ಇದರಲ್ಲಿ ಪ್ಲೇ ಇದೆ ಎಂದರಂತೆ.

"ಸಾಹೇಬರು ಮತ್ತ ಅದ ಗಾದಿ ಮಾತ ಹೇಳಿದ್ರೇನು?"

"ಹೇಳಿದ್ರು."

"ಮತ್ತ ನೀವು?"

"'ಅಂಗಣ ಪಣ್ ಏಕದಾ ಬಘಾ ಕೀ, ಸಾಹೇಬ' ಅಂದೆ." ಅಂಗಳವನ್ನೂ ಒಮ್ಮೆ ನೋಡಿ ಸಾಹೇಬರೇ, ಎಂದಿದ್ದರು ನಮ್ಮಪ್ಪ. ಇಪ್ಪತ್ತಾರು ವರ್ಷದಲ್ಲಿ ಮೇಲಿನವರಿಗೆ ಅವರು ಕೊಟ್ಟ ಮೊದಲ ಎದುರು ಮಾತು ಅದು.

ಮಿಸ್ತ್ರಿ ಬಸ್ಸಿನ ಕೆಳಗೆ ಮಲಗಿ ನೋಡಿದ. ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳಿನ ಕೀಲು ಸವೆದು ಗಡಗಡ ಅನ್ನುತ್ತಿತ್ತು. ಆ ಬಸ್ಸಿನ ಖಾಯಂ ಡ್ರೈವರನೂ ಅಲ್ಲೇ ಇದ್ದ. ನನಗೂ ಗೊತ್ತಿತ್ತು, ದಿನಾ ಓಡಿಸಿ ಓಡಿಸಿ ರೂಢಿಯಾಗಿಬಿಟ್ಟಿತ್ತು ಎಂದು ಅವನೇ ಒಪ್ಪಿಕೊಂಡ. ಕೀಲು ಬದಲಿಸಲು ಎರಡು ತಾಸು ಹಿಡಿಯಿತು. ಆಮೇಲೆ ಅಪ್ಪ ಸಾಹೇಬರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಯೆರವಡಾದವರೆಗೆ ಹೋಗಿ ಅದೇ ತಿರುವಿನಲ್ಲಿ ತಿರುಗಿಸಿಕೊಂಡು ಬಂದರು.

"ನಾಳಿಂದ ನನ್ನ ಗಾಡಿ" ಎಂದು ಅವ್ವನ ಕಡೆ ನೋಡಿ ಹೇಳಿದರು. "ಐದೂವರಿಗೆ ಡಬ್ಬಿ ಬೇಕು."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾಕ್ಕಿಡುತ್ತೇನೆಂದು ಒಳಗೆ ಹೋದಳು. ನಾನು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಳಿತೆ. ಹೇಳದಿದ್ದರೂ ನಡೆಯುತ್ತಿತ್ತು. ಎಲ್ಲ ಒಳ್ಳೆಯದಾಗಿತ್ತು, ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಆದರೆ ಎದೆಯಲ್ಲಿ ಒಂದು ಮುಳ್ಳು ಕುಳಿತಿತ್ತು, ಅದು ಸುಮ್ಮನಿರಗೊಡಲಿಲ್ಲ.

"ಅಪ್ಪಾ, ಅದನ್ನ ನಾನ ಆನ್ ಮಾಡಿದ್ದೆ. ತಡಾ ಆಗತದ ಅಂತ ನನಗ ಗೊತ್ತಿತ್ತು. ನಿಮಗ ವಯಸ್ಸಾಗೇದ, ಕೈ ನಿಧಾನ ಅದಾವ, ತಡಾ ಆದ್ರ ನಿಮಗೇನ ತಿಳೀತದ ಅಂತ ಅನಕೊಂಡಿದ್ದೆ."

ಅಪ್ಪ ತಮ್ಮ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಒಂದು ಕೈಯನ್ನು ನನ್ನ ತಲೆಯ ಮೇಲಿಟ್ಟರು.

"ನಂಗೂ ಹಂಗ ಅನಿಸಿತ್ತವಾ" ಎಂದರು.